ಹಳೇ ಪ್ರಿಂಟರ್‌ನ ವಿಳಾಸ ಹುಡುಕುತ್ತಾ

ಪುಣೆಯಲ್ಲಿ ನಾವು ಕೆಲವರು ಸೇರಿ ನಡೆಸೋ ಕನ್ನಡ ಸಂಘದ ಕಚೇರಿಯಲ್ಲಿ ಒಂದು ಹಳೇ ಲೇಸರ್ ಪ್ರಿಂಟರ್ ಇದೆ. ಇಂಟರ್ನೆಟ್‌ನವರು ಬಂದು ರೌಟರ್ ಬದಲಾಯಿಸಿ ಹೋದರು. ಮಾರನೇ ದಿನದಿಂದ ಎಲ್ಲ ಕಂಪ್ಯೂಟರ್‌ನಲ್ಲೂ ಒಂದೇ ಮಾತು: ಪ್ರಿಂಟರ್ ಆಫ್‌ಲೈನ್. "ಸಾಕು ಬಿಡಿ, ಗುಜರಿಗೆ ಹಾಕಿ ಹೊಸದು ತರೋಣ" ಅಂದ್ರು ಕಾರ್ಯದರ್ಶಿಗಳು. ಕೈಯಲ್ಲಿದ್ದ ದುಡ್ಡು ಮಕ್ಕಳ ಕನ್ನಡ ತರಗತಿಯ ಪುಸ್ತಕಕ್ಕೆ ಅಂತ ಎತ್ತಿಟ್ಟಿದ್ದು. "ಒಂದು ಭಾನುವಾರ ಟೈಮ್ ಕೊಡಿ ಸರ್" ಅಂತ ಕೇಳಿಕೊಂಡೆ.

ಆ ಭಾನುವಾರ ನನಗೆ ಅರ್ಥವಾಗಿದ್ದು ಇಷ್ಟು: ಹಳೇ ಪ್ರಿಂಟರ್ ರಿಪೇರಿ ಅಂದ್ರೆ ಅರ್ಧ ಇತಿಹಾಸ ಓದಿದ ಹಾಗೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1973ರಲ್ಲಿ ಅಮೆರಿಕದ ಪಾಲೋ ಆಲ್ಟೋದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಆಲ್ಟೋ ಅನ್ನೋ ಕಂಪ್ಯೂಟರ್ ತಯಾರಾಗ್ತಿತ್ತು. ಅಲ್ಲೇ ಗ್ಯಾರಿ ಸ್ಟಾರ್ಕ್‌ವೆದರ್ ಲೇಸರ್ ಪ್ರಿಂಟರ್ ಕಟ್ಟಿದ್ದರು, ಸೆಕೆಂಡಿಗೆ ಒಂದು ಪುಟದ ವೇಗ. ಅಂಥ ಯಂತ್ರವನ್ನ ಒಬ್ಬೊಬ್ಬರ ಮೇಜಿಗೂ ಕೊಡೋಕೆ ಆಗುತ್ತಾ? ಎಲ್ಲರೂ ಹಂಚಿಕೊಳ್ಳಬೇಕು, ಅದರ ವೇಗಕ್ಕೆ ತಕ್ಕ ಹಾಗೆ ಮಾಹಿತಿನೂ ಹರಿಯಬೇಕು. ಬಾಬ್ ಮೆಟ್‌ಕಾಫ್ ಆ ವರ್ಷದ ಮೇ 22ರಂದು ಟಿಪ್ಪಣಿ ಬರೆದು ಮುಂದಿಟ್ಟ ಈಥರ್‌ನೆಟ್ ಹುಟ್ಟೋಕೆ ಇದೂ ಒಂದು ಮುಖ್ಯ ಕಾರಣ. ಅಂದ್ರೆ ಕಚೇರಿಯ ನೆಟ್‌ವರ್ಕ್ ಹುಟ್ಟಿದ್ದರಲ್ಲಿ ಪ್ರಿಂಟರ್‌ನ ಪಾಲೂ ಇದೆ!

1991ರಲ್ಲಿ ಎಚ್‌ಪಿ ಕಂಪನಿಯ ಜೆಟ್‌ಡೈರೆಕ್ಟ್ ಬಂತು. ಪ್ರಿಂಟರ್‌ಗೆ ಕಂಪ್ಯೂಟರ್ ಜೋಡಿಸದೆ ನೇರವಾಗಿ ನೆಟ್‌ವರ್ಕ್ ಕೇಬಲ್ ಹಾಕಬಹುದಾಯ್ತು. ಆ ಕಾರ್ಡುಗಳಿಂದ ರೂಢಿಗೆ ಬಂದ 9100 ನಂಬರಿನ ಪೋರ್ಟ್ ಇವತ್ತಿಗೂ ಬಳಕೆಯಲ್ಲಿದೆ. ಅದರ ಕೆಲಸ ಬಹಳ ಸರಳ: ಬಂದದ್ದನ್ನ ಮುದ್ರಿಸು. ಯಾರು ನೀನು ಅಂತ ಕೇಳಲ್ಲ. ಕಚೇರಿಯ ತಂತಿಯೊಳಗೆ ಇರೋರೆಲ್ಲ ನಮ್ಮವರೇ ಅನ್ನೋ ಕಾಲದ್ದು ಅದು.

ಆದ್ರೆ ಪ್ರಿಂಟರ್‌ಗೆ ಒಂದು ವಿಳಾಸ ಬೇಕಲ್ಲ? ಯಂತ್ರಗಳಿಗೆ ಐಪಿ ವಿಳಾಸ ತಾನಾಗೇ ಹಂಚೋ ಡಿಎಚ್‌ಸಿಪಿ ನಿಯಮಾವಳಿ ಪ್ರಕಟವಾಗಿದ್ದು 1993ರಲ್ಲಿ. ಅದು ಬಂದ ಮೇಲೂ ಎಷ್ಟೋ ಕಡೆ ಪ್ರಿಂಟರ್ ವಿಳಾಸವನ್ನ ಕೈಯಾರೆ ಬರೆದಿಡೋ ಪದ್ಧತಿ ಉಳಿಯಿತು. ವಿಳಾಸ ಬದಲಾದ್ರೆ ಕಂಪ್ಯೂಟರ್‌ಗಳು ಹುಡುಕಿಕೊಂಡು ಹೋಗಲ್ಲ ಅನ್ನೋ ಭಯ.

ಸಂಘದ ಪ್ರಿಂಟರ್‌ನಲ್ಲಿ ಆಗಿದ್ದೂ ಇದೇ. ಮೊದಲು ಅದರ ಮೆನುವಿಂದಲೇ ಕಾನ್ಫಿಗರೇಶನ್ ಪುಟ ತೆಗೆದೆ. ಪುಟ ಚೆನ್ನಾಗಿ ಬಂತು, ಯಂತ್ರ ಸರಿಯಿದೆ ಅಂತಾಯ್ತು. ಅದರಲ್ಲಿದ್ದ ವಿಳಾಸ 192.168.1.50, ಯಾರೋ ಯಾವಾಗಲೋ ಕೈಯಾರೆ ಹಾಕಿದ್ದು. ಹೊಸ ರೌಟರ್ ಹಂಚ್ತಾ ಇದ್ದದ್ದು 192.168.0ರಿಂದ ಶುರುವಾಗೋ ವಿಳಾಸಗಳನ್ನ. ಬೀದಿಯ ಹೆಸರೇ ಬದಲಾಗಿದೆ, ಪ್ರಿಂಟರ್ ಹಳೇ ಬೀದಿಯ ಬೋರ್ಡ್ ಹಾಕಿಕೊಂಡು ಕಾಯ್ತಾ ಇದೆ!

ನಿಮ್ಮ ಪುಟದಲ್ಲಿ 169.254ರಿಂದ ಶುರುವಾಗೋ ವಿಳಾಸ ಕಂಡರೆ ಕಥೆ ಬೇರೆ. ಪ್ರಿಂಟರ್ ವಿಳಾಸ ಕೇಳಿದೆ, ಯಾರೂ ಉತ್ತರ ಕೊಟ್ಟಿಲ್ಲ, ತಾನೇ ಒಂದು ಹಾಕಿಕೊಂಡಿದೆ ಅಂತ ಅರ್ಥ. ಆಗ ಕೇಬಲ್, ಸ್ವಿಚ್, ರೌಟರ್ ನೋಡಿ.

ನಾನು ಮಾಡಿದ್ದು ಮೂರೇ ಕೆಲಸ. ಪ್ರಿಂಟರನ್ನ ಡಿಎಚ್‌ಸಿಪಿಗೆ ಹಾಕಿದೆ. ಅದಕ್ಕೆ ಸಿಕ್ಕ ವಿಳಾಸವನ್ನ ಮುಂದೆ ಬದಲಾಗದ ಹಾಗೆ ರೌಟರ್‌ನಲ್ಲಿ ಕಾಯ್ದಿರಿಸಿದೆ. ಪ್ರತಿ ಕಂಪ್ಯೂಟರ್‌ನಲ್ಲೂ ಪ್ರಿಂಟರ್‌ನ ಪೋರ್ಟ್ ಸೆಟ್ಟಿಂಗ್‌ಗೆ ಹೋಗಿ ಆ ಹೊಸ ವಿಳಾಸ ಕೊಟ್ಟೆ. ತಕ್ಷಣ ತರಗತಿಯ ನೋಟಿಸ್ ಒಂದಾದ ಮೇಲೊಂದು ಬರೋಕೆ ಶುರು, ಒಟ್ಟು ಹನ್ನೊಂದು. ಕಾರ್ಯದರ್ಶಿಗಳು ವಾರವಿಡೀ ಒತ್ತಿದ ಪ್ರಿಂಟ್‌ಗಳೆಲ್ಲ ಸಾಲಲ್ಲೇ ಕಾಯ್ತಿದ್ದವು. ಅವರೇ ಜೋರಾಗಿ ನಕ್ಕರು.

ಒಂದು ಕಡೆ ಮಾತ್ರ ನಾನು ಹಿಂದೆ ಸರಿದೆ. ಸ್ಕ್ಯಾನ್ ಮಾಡಿದ್ದನ್ನ ಕಂಪ್ಯೂಟರ್ ಫೋಲ್ಡರ್‌ಗೆ ಕಳಿಸೋಕೆ ಈ ಪ್ರಿಂಟರ್‌ಗೆ ಗೊತ್ತಿರೋದು ಎಸ್‌ಎಂಬಿ-1 ಅನ್ನೋ ಹಳೇ ಭಾಷೆ ಒಂದೇ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳಿಗೆ ಬೀಗ ಹಾಕಿದ ವಾನ್ನಾಕ್ರೈ ಹರಡಿದ್ದು ಅದರಲ್ಲಿದ್ದ ದೋಷ ಹಿಡಿದೇ. ಆ ವರ್ಷದ ಕೊನೆಯಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಅದನ್ನ ಮೊದಲೇ ಕೊಡೋದನ್ನ ನಿಲ್ಲಿಸಿದರು. ಮತ್ತೆ ಆನ್ ಮಾಡಿದ್ರೆ ಸ್ಕ್ಯಾನ್ ಆಗುತ್ತೆ ನಿಜ, ಆದ್ರೆ ಸದಸ್ಯರ ಪಟ್ಟಿ ಇರೋ ಕಂಪ್ಯೂಟರ್ ಅದು. ಬೇಡ ಅಂದೆ. ಈಗ ಪೆನ್‌ಡ್ರೈವ್‌ಗೆ ಸ್ಕ್ಯಾನ್ ಮಾಡ್ತಾರೆ.

ಹಳೇ ಯಂತ್ರ ಕೆಲಸ ನಿಲ್ಲಿಸಿದಾಗ ಗುಜರಿಯವನಿಗೆ ಫೋನ್ ಮಾಡೋ ಮುಂಚೆ ಒಂದು ಪ್ರಶ್ನೆ ಕೇಳಿ: ಇತ್ತೀಚೆಗೆ ಇದರ ಸುತ್ತ ಏನು ಬದಲಾಯ್ತು? ನಮ್ಮಲ್ಲಿ ಆ ಪ್ರಶ್ನೆಯಿಂದ ಮಕ್ಕಳ ಪುಸ್ತಕದ ದುಡ್ಡು ಉಳಿಯಿತು. ಮುಂದಿನ ವಿಡಿಯೋದಲ್ಲಿ ಸಿಗೋಣ.