ಅಂತರ್ಜಾಲದಲ್ಲಿ ಮಹಿಳೆಯರ ಅಸಭ್ಯ ಚಿತ್ರಣ: ಕಾನೂನು ರಕ್ಷಣೆ ಮತ್ತು ದೂರು ಸಲ್ಲಿಸುವ ವಿಧಾನ

ಪೀಠಿಕೆ

ಮಹಿಳೆಯನ್ನು ಕೇವಲ ಭೋಗವಸ್ತುವಾಗಿ ಬಿಂಬಿಸುವುದನ್ನು ತಡೆಯಲು ಮಹಿಳೆಯರ ಅಸಭ್ಯ ಚಿತ್ರಣ (ನಿಷೇಧ) ಅಧಿನಿಯಮ, 1986 ಅನ್ನು ರಚಿಸಲಾಯಿತು. ಸದರಿ ಅಧಿನಿಯಮವು ಮುಖ್ಯವಾಗಿ ಜಾಹೀರಾತು ಹಾಗೂ ಮುದ್ರಿತ ಪ್ರಕಟಣೆಗಳಿಗೆ ಸಂಬಂಧಿಸಿದುದು. ಮೊಬೈಲ್ ಬಳಕೆ ಹೆಚ್ಚಿದ ನಂತರ ಸಾಮಾನ್ಯ ಕುಟುಂಬದ ಮಹಿಳೆಯರ ಭಾವಚಿತ್ರಗಳೂ ದುರ್ಬಳಕೆಗೆ ಒಳಗಾಗುತ್ತಿವೆ. ಮರ್ಯಾದೆಗೆ ಅಂಜಿ ದೂರು ನೀಡದಿರುವುದು ಅಪರಾಧಿಗೇ ಅನುಕೂಲ. ಬೀದರ್ ನಗರ, ಭಾಲ್ಕಿ ಹಾಗೂ ಔರಾದ್ ತಾಲ್ಲೂಕುಗಳ ನಾಗರಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಅನ್ವಯವಾಗುವ ಕಾನೂನುಗಳು

1. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000, ಕಲಂ 67: ಅಶ್ಲೀಲ ವಿಷಯದ ಪ್ರಕಟಣೆ ಅಥವಾ ರವಾನೆಗೆ ಮೊದಲ ಬಾರಿ 3 ವರ್ಷಗಳವರೆಗೆ ಕಾರಾವಾಸ ಮತ್ತು 5 ಲಕ್ಷ ರೂ.ಗಳವರೆಗೆ ದಂಡ. ಲೈಂಗಿಕ ಕ್ರಿಯೆಯ ದೃಶ್ಯಗಳಾಗಿದ್ದಲ್ಲಿ ಕಲಂ 67-ಎ ಅನ್ವಯ 5 ವರ್ಷಗಳವರೆಗೆ ಕಾರಾವಾಸ ಮತ್ತು 10 ಲಕ್ಷ ರೂ.ಗಳವರೆಗೆ ದಂಡ.
2. ಭಾರತೀಯ ನ್ಯಾಯ ಸಂಹಿತೆ, 2023 (ದಿನಾಂಕ 1-7-2024ರಿಂದ ಜಾರಿ), ಕಲಂ 77: ಮಹಿಳೆಯ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು, ಚಿತ್ರೀಕರಿಸುವುದು ಅಥವಾ ಹರಡುವುದು.
3. ಸದರಿ ಸಂಹಿತೆಯ ಕಲಂ 78: ಮಹಿಳೆಯ ಅಂತರ್ಜಾಲ ಬಳಕೆಯ ಮೇಲೆ ಕಣ್ಣಿಡುವುದು, ನಿರಾಸಕ್ತಿ ತೋರಿದರೂ ಪದೇಪದೇ ಸಂಪರ್ಕಿಸುವುದು. ಕಲಂ 79: ಮಾತು, ಸನ್ನೆಗಳಿಂದ ಮಾನಕ್ಕೆ ಕುಂದು ತರುವುದು.

ಸಮ್ಮತಿಯ ಪ್ರಶ್ನೆ

ಚಿತ್ರ ತೆಗೆಯಲು ಮಹಿಳೆಯು ಒಪ್ಪಿದ್ದರೂ ಅದನ್ನು ಇತರರಿಗೆ ಹಂಚಲು ಒಪ್ಪಿದಂತಾಗುವುದಿಲ್ಲ. ಅಂತಹ ಚಿತ್ರವನ್ನು ಸಮ್ಮತಿಯಿಲ್ಲದೆ ಹಂಚುವುದು ಕಲಂ 77ರ ಅನ್ವಯ ಅಪರಾಧವೆಂದು ಅದರ ವಿವರಣೆಯಲ್ಲಿ ಸ್ಪಷ್ಟಪಡಿಸಲಾಗಿದೆ. ಆದ್ದರಿಂದ ತಾನೇ ಚಿತ್ರ ಕಳುಹಿಸಿದ್ದೆನೆಂಬ ಅಳುಕಿನಿಂದ ಯಾರೂ ದೂರಿನಿಂದ ಹಿಂಜರಿಯಬೇಕಾಗಿಲ್ಲ.

ದೂರು ಸಲ್ಲಿಸುವ ವಿಧಾನ

1. ಸಂದೇಶ, ಚಿತ್ರಗಳನ್ನು ಅಳಿಸಬಾರದು. ಪರದೆಯ ಪ್ರತಿ, ಖಾತೆಯ ಹೆಸರು, ಕೊಂಡಿ, ದಿನಾಂಕ ಹಾಗೂ ವೇಳೆಯನ್ನು ಕಾಯ್ದಿರಿಸಬೇಕು.
2. ಚಿತ್ರ ತೆಗೆದುಹಾಕುವಂತೆ ಸಂಬಂಧಪಟ್ಟ ಸಾಮಾಜಿಕ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಮನವಿ ಸಲ್ಲಿಸಬೇಕು. ನಗ್ನ ಅಥವಾ ತಿರುಚಿದ ಚಿತ್ರಗಳ ವಿಷಯದಲ್ಲಿ 2021ರ ನಿಯಮಗಳು ಇದಕ್ಕೆ 24 ಗಂಟೆಗಳ ಮಿತಿ ವಿಧಿಸಿದವು.
3. ಸಮೀಪದ ಪೊಲೀಸ್ ಠಾಣೆಯಲ್ಲಿ ದೂರು ನೀಡಬಹುದು. ಔರಾದ್ ಅಥವಾ ಭಾಲ್ಕಿಯವರು ಇದಕ್ಕಾಗಿ ಬೀದರ್‌ಗೆ ಬರಬೇಕಾಗಿಲ್ಲ. ಆರೋಪಿಯು ಗಡಿಯಾಚೆ ಮಹಾರಾಷ್ಟ್ರ ಅಥವಾ ತೆಲಂಗಾಣದಲ್ಲಿದ್ದರೂ, ಕೃತ್ಯವು ಠಾಣೆಯ ವ್ಯಾಪ್ತಿಯ ಹೊರಗೆ ನಡೆದಿದ್ದರೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಅನ್ವಯ ಮಾಹಿತಿ ನೀಡಬಹುದು.
4. ಮೇಲ್ಕಂಡ ಕಲಂ 77ರಿಂದ 79ರ ಪ್ರಕರಣಗಳಲ್ಲಿ ನೊಂದ ಮಹಿಳೆಯ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ನೀಡಲಾಗುವುದು.
5. ಠಾಣೆಯಲ್ಲಿ ದೂರು ನಿರಾಕರಿಸಿದಲ್ಲಿ ಅದನ್ನು ಅಂಚೆ ಮೂಲಕ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಕಳುಹಿಸಬಹುದು.
6. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಹೆಸರು ತಿಳಿಸದೆಯೂ ದೂರು ದಾಖಲಿಸಲು ಅವಕಾಶವಿದೆ.

ಉಚಿತ ಕಾನೂನು ನೆರವು

ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮ, 1987ರ ಅನ್ವಯ ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ಸೇವೆಗೆ ಅರ್ಹರು. ಬೀದರ್‌ನಲ್ಲಿ ಜಿಲ್ಲಾ ಪ್ರಾಧಿಕಾರವನ್ನು, ತಾಲ್ಲೂಕುಗಳಲ್ಲಿ ನ್ಯಾಯಾಲಯದ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಬಹುದು.

ಒಂದು ನಿದರ್ಶನ

ಮಹಿಳೆಯೊಬ್ಬರ ಹೆಸರಿನಲ್ಲಿ ಅಂತರ್ಜಾಲದಲ್ಲಿ ಅಶ್ಲೀಲ ಸಂದೇಶ ಹಾಕಿದ ವ್ಯಕ್ತಿಗೆ ಚೆನ್ನೈನ ನ್ಯಾಯಾಲಯವು 2004ರಲ್ಲಿ ಕಲಂ 67ರ ಅನ್ವಯ ಶಿಕ್ಷೆ ವಿಧಿಸಿತು. ದೂರು ದಾಖಲಾದ ಅದೇ ವರ್ಷದಲ್ಲಿಯೇ ತೀರ್ಪು ಹೊರಬಿದ್ದಿತು.

ಸಹಾಯವಾಣಿ

ತುರ್ತು ನೆರವು: 112
ಮಹಿಳಾ ಸಹಾಯವಾಣಿ: 181
ಹಣ ಸುಲಿಗೆಯಾಗಿದ್ದಲ್ಲಿ, ಸೈಬರ್ ಸಹಾಯವಾಣಿ: 1930
ಕಾನೂನು ನೆರವು: 15100