ಪ್ಲೇಗಿನ ಕಾಲದ ಬೆಕ್ಕು

‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆಯನ್ನು ನಾವೆಲ್ಲ ಬಳಸುತ್ತೇವೆ. ಆದರೆ ಇಲಿಯೇ ಮನುಷ್ಯನಿಗೆ ಪ್ರಾಣಸಂಕಟ ತಂದ ಕಾಲವೊಂದಿತ್ತು. ಆಗ ಬೆಕ್ಕಿನ ಬೇಟೆಯನ್ನು ವೈದ್ಯರೂ ಗಮನಿಸಬೇಕಾಯಿತು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಕೆಲವೇ ತಿಂಗಳಲ್ಲಿ ಪುಣೆಯನ್ನು ಮುಟ್ಟಿತು. ರೋಗಿಗಳ ಸೇವೆಗೆ ನಿಂತ ಸಾವಿತ್ರಿಬಾಯಿ ಫುಲೆಯವರು 1897ರ ಮಾರ್ಚ್ 10ರಂದು ಅದೇ ರೋಗಕ್ಕೆ ಬಲಿಯಾದರು. ಪ್ಲೇಗು ಅಧಿಕಾರಿ ರಾಂಡ್ ಸೈನಿಕರನ್ನು ಮನೆಮನೆಗೆ ನುಗ್ಗಿಸಿ ರೋಗಿಗಳನ್ನು ಹುಡುಕಿಸಿದ. ಜನರ ಕೋಪ ಕುದಿಯಿತು. ಜೂನ್ 22ರ ರಾತ್ರಿ ಗಣೇಶಖಿಂಡ ರಸ್ತೆಯಲ್ಲಿ ಚಾಪೇಕರ್ ಸಹೋದರರು ಅವನನ್ನು ಗುಂಡಿಕ್ಕಿದರು. ಈ ಕಥೆಯನ್ನು ಪುಣೆಯಲ್ಲಿ ಬೆಳೆದ ನಮ್ಮ ಮಕ್ಕಳೂ ಬಲ್ಲರು. ಆದರೆ ಸೈನಿಕರು ಮನುಷ್ಯರನ್ನು ಹುಡುಕುತ್ತಿದ್ದಾಗ ರೋಗದ ಬೀಜ ಅಟ್ಟದ ಮೇಲಿನ ಇಲಿಗಳಲ್ಲಿತ್ತು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಒಯ್ಯುತ್ತದೆಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂ 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟ. ಮೊದಲು ಹೆಚ್ಚಿನವರು ನಂಬಲಿಲ್ಲ. 1905ರಲ್ಲಿ ಆರಂಭವಾದ ಪ್ಲೇಗು ಸಂಶೋಧನಾ ಆಯೋಗ ಅದನ್ನು ಸ್ಥಿರಪಡಿಸಿತು.

ಅಂದು ಪುಣೆಯಂತೆ ಮುಂಬಯಿ ಪ್ರಾಂತಕ್ಕೇ ಸೇರಿದ್ದ ಹುಬ್ಬಳ್ಳಿ ಧಾರವಾಡಗಳೂ ಈ ಮಾರಿಗೆ ತುತ್ತಾದವು. 1898ರಲ್ಲಿ ಅದು ಬೆಂಗಳೂರಿಗೂ ಬಂತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಈ ಪ್ಲೇಗಿನ ಪಾಠದಿಂದಲೇ. ಪಂಡಿತರಿಗೆ ತಿಳಿಯುವ ಮೊದಲೇ ನಮ್ಮ ಹಳ್ಳಿಗರಿಗೆ ಒಂದು ಸಂಗತಿ ಗೊತ್ತಿತ್ತು. ‘ಇಲಿ ಬಿತ್ತು’ ಎಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವುದು. ಹೀಗೆ ಹೊರಟು ಬದುಕಿ ಉಳಿದವರ ವಂಶದವರು ನಮ್ಮಲ್ಲಿ ಎಷ್ಟು ಮಂದಿಯೋ!

ಇಲಿಯೇ ಮೂಲವೆಂದಾದ ಮೇಲೆ ಬೆಕ್ಕಿನ ನೆನಪಾದದ್ದು ಸಹಜ. ಅಮರಾವತಿಯಲ್ಲಿದ್ದ ವೈದ್ಯಾಧಿಕಾರಿ ಆಂಡ್ರೂ ಬುಕಾನನ್, ಬೆಕ್ಕುಗಳು ಹೆಚ್ಚಿರುವ ಊರುಗಳಲ್ಲಿ ಪ್ಲೇಗು ಕಡಿಮೆಯೆಂದು ವಾದಿಸಿ 1908ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಬರೆದ.

ಈ ಭರವಸೆಗೆ ಆಧಾರವಿತ್ತೆ? ಬೆಕ್ಕು ನಮ್ಮ ಅಪ್ಪಣೆಯಂತೆ ಬೇಟೆಯಾಡುವ ಪ್ರಾಣಿಯಲ್ಲ. ಧಾನ್ಯದ ಕಣಜಕ್ಕೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು; ಸಾಕಣೆಯ ಆರಂಭ ಅಲ್ಲಿ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಿದ್ದ ಬೆಕ್ಕಿನ ಎಲುಬು ಸುಮಾರು 9,500 ವರ್ಷ ಹಳೆಯದು. ಇಷ್ಟು ಕಾಲ ಕಳೆದರೂ ಅದರ ಸ್ವಭಾವ ಬದಲಾಗಿಲ್ಲ. ಹೊಂಚುವುದು, ಹಿಡಿಯುವುದು, ಕೊಲ್ಲುವುದು, ತಿನ್ನುವುದು ಇವೆಲ್ಲ ಬೇರೆಬೇರೆ ಪ್ರೇರಣೆಗಳೆಂದು ಜರ್ಮನಿಯ ಪಾಲ್ ಲೈಹೌಸೆನ್ ತೋರಿಸಿದ್ದಾನೆ. ಹಾಲು ಅನ್ನ ಉಂಡ ಬೆಕ್ಕೂ ಇಲಿ ಹಿಡಿಯುವುದು ಇದರಿಂದಲೇ. ಗಾದೆಯ ‘ಚೆಲ್ಲಾಟ’ದಲ್ಲೂ ಹುರುಳಿದೆ: ಕಚ್ಚುವ ಇಲಿಯನ್ನು ದಣಿಸಿ, ತನಗೆ ಗಾಯವಾಗದಂತೆ ಕೊಲ್ಲುವ ಎಚ್ಚರಿಕೆಯೂ ಅದರಲ್ಲಿದೆ.

ಆ ಎಚ್ಚರಿಕೆಯೇ ಬೆಕ್ಕಿನ ಉಪಯೋಗಕ್ಕೆ ಮಿತಿ. ನ್ಯೂಯಾರ್ಕಿನಲ್ಲಿ ಸಂಶೋಧಕರು 79 ದಿನ ಕ್ಯಾಮರಾ ಇಟ್ಟು ನೋಡಿ 2018ರಲ್ಲಿ ಪ್ರಕಟಿಸಿದ ವರದಿಯಂತೆ, ಬೆಕ್ಕುಗಳು ಕೊಂದ ದೊಡ್ಡ ಇಲಿಗಳು ಎರಡೇ ಎರಡು. ಕನ್ನಡವಂತೂ ಇಲಿ ಬೇರೆ, ಹೆಗ್ಗಣ ಬೇರೆ ಎಂದು ಹಿಂದೆಯೇ ಬಗೆದಿದೆ. ನಾಡಹೆಂಚಿನ ಮನೆಯ ಸಣ್ಣ ಕರಿ ಇಲಿಯ ಮುಂದೆ ಬೆಕ್ಕು ವೀರ. ಚರಂಡಿಯ ಹೆಗ್ಗಣದ ಮುಂದೆ ವಿವೇಕಿ. ಇನ್ನೊಂದು ಮಾತು: ಇಲಿ ಸತ್ತು ಮೈ ತಣ್ಣಗಾದೊಡನೆ ಚಿಗಟಗಳು ಬೇರೆ ಬಿಸಿ ಮೈಯನ್ನು ಹುಡುಕುತ್ತವೆ. ರೋಗದ ಇಲಿಯನ್ನು ಹಿಡಿದ ಬೆಕ್ಕಿಗೂ ಪ್ಲೇಗು ತಗಲುತ್ತದೆ, ಅದರಿಂದ ಮನೆಯವರಿಗೂ ತಗಲಬಹುದು. ಆದ್ದರಿಂದ ರೋಗ ಬರುವ ಮುನ್ನ ಇಲಿಗಳನ್ನು ಕಡಿಮೆ ಮಾಡುವ ಬೆಕ್ಕು ಉಪಕಾರಿ. ಬಂದ ಮೇಲೆ ರಕ್ಷಕನಲ್ಲ.

ಭಾರತದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರನ್ನು ನುಂಗಿದ ಆ ಪಿಡುಗಿನಿಂದ ಕಲಿಯಬೇಕಾದದ್ದು ಇಷ್ಟೆ: ಕಾಳು ಭದ್ರವಾಗಿ ಮುಚ್ಚಿ, ಕಸ ತೆಗೆದು, ಮನೆಗೆ ಗಾಳಿ ಬೆಳಕು ತರುವುದು ಮನುಷ್ಯನ ಕೆಲಸ. ಅದನ್ನು ಮಾಡಿದ ಮನೆಯಲ್ಲಿ ಬೆಕ್ಕು ಒಳ್ಳೆಯ ಜೊತೆಗಾರ. ಮಾಡದ ಮನೆಯ ಭಾರವನ್ನೆಲ್ಲ ಆ ಬಡಪ್ರಾಣಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.