ಗಡಿ ದಾಟಿದ ಖಾಕಿ: ರಜೆಯ ಮೇಲಿರುವ ಪೊಲೀಸರು ಖಾಸಗಿ ಕಾವಲಿಗೆ ನಿಲ್ಲಬಹುದೇ?

ತಲಪಾಡಿ ದಾಟಿದರೆ ಕೇರಳ, ಅತ್ತಿಬೆಲೆ ದಾಟಿದರೆ ತಮಿಳುನಾಡು. ಗಡಿಯ ಜನರಿಗೆ ನೆಂಟಸ್ತಿಕೆ, ಸಂತೆ, ಜಾತ್ರೆ ಎರಡೂ ಕಡೆ ಉಂಟು. ಪೊಲೀಸರ ಅಧಿಕಾರ ಮಾತ್ರ ಹಾಗಲ್ಲ. ರಜೆ ಹಾಕಿದ ಕರ್ನಾಟಕದ ಪೇದೆಯೊಬ್ಬರು ಹೊಸೂರಿನ ಕಲ್ಯಾಣ ಮಂಟಪದ ಬಾಗಿಲಲ್ಲಿ ಕಾವಲಿಗೆ ನಿಂತು ಯಾರನ್ನೋ ಹಿಡಿದು ಕೂರಿಸಿದರೆ ಅದು ಪೊಲೀಸ್ ಕ್ರಮ ಆಗುತ್ತದೆಯೇ? ಆಗುವುದಿಲ್ಲ.

ಅಧಿಕಾರ ಎಲ್ಲಿಯವರೆಗೆ?

ಸಂವಿಧಾನದ ಪ್ರಕಾರ ಪೊಲೀಸ್ ರಾಜ್ಯದ ವಿಷಯ. ಒಂದು ರಾಜ್ಯದ ಪೊಲೀಸರ ಅಧಿಕಾರವನ್ನು ಇನ್ನೊಂದು ರಾಜ್ಯಕ್ಕೆ ವಿಸ್ತರಿಸಬೇಕಾದರೆ ಆ ರಾಜ್ಯ ಸರ್ಕಾರದ ಒಪ್ಪಿಗೆ ಬೇಕು. ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 28ನೇ ಕಲಂ ಪ್ರಕಾರ ಪೊಲೀಸ್ ಅಧಿಕಾರಿ ಸದಾ ಕರ್ತವ್ಯದಲ್ಲಿರುವವನೇ. ಹಾಗಾಗಿ ಸೋಲಾಪುರದ ಪೇದೆ ರಜೆಯಲ್ಲಿ ಅಕ್ಕಲಕೋಟೆಗೆ ಹೋದರೂ ಪೊಲೀಸನೇ. ಅದೇ ಪೇದೆ ಆಳಂದದಲ್ಲಿ ಖಾಸಗಿ ಕಾವಲಿಗೆ ನಿಂತರೆ ಅಲ್ಲಿ ಅವನು ಸಾಮಾನ್ಯ ನಾಗರಿಕ.

ಇದಕ್ಕೆ ಒಂದು ವಿನಾಯಿತಿ ಇದೆ. ವಾರಂಟ್ ಇಲ್ಲದೆ ಬಂಧಿಸಬಹುದಾದ ಆರೋಪಿಯನ್ನು ಬೆನ್ನಟ್ಟಿಕೊಂಡು ಪೊಲೀಸರು ಭಾರತದ ಯಾವುದೇ ಜಾಗಕ್ಕೆ ಹೋಗಬಹುದು (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 45ನೇ ಕಲಂ). ಬಾಗಿಲು ಕಾಯುವ ಕೆಲಸ ಇದರಡಿ ಬರುವುದಿಲ್ಲ.

ನಾಗರಿಕನಾಗಿ ಏನು ಮಾಡಬಹುದು?

ತನ್ನ ಕಣ್ಣೆದುರೇ ಜಾಮೀನುರಹಿತ, ಸಂಜ್ಞೇಯ ಅಪರಾಧ ನಡೆದರೆ ಯಾರು ಬೇಕಾದರೂ ಆರೋಪಿಯನ್ನು ಹಿಡಿಯಬಹುದು. ಆದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಲೇಬೇಕು (40ನೇ ಕಲಂ). ಅನುಮಾನದ ಮೇಲೆ ಕೂಡಿಹಾಕುವ, ಬಲವಂತವಾಗಿ ಚೀಲ ಶೋಧಿಸುವ ಹಕ್ಕು ಕಾವಲುಗಾರನಿಗೆ ಇಲ್ಲ.

ಸಂಬಳದ ಕೆಲಸ ಒಪ್ಪಿಕೊಳ್ಳಬಹುದೇ?

ಸರ್ಕಾರಿ ನೌಕರರು ಪೂರ್ವಾನುಮತಿ ಇಲ್ಲದೆ ಖಾಸಗಿ ಉದ್ಯೋಗ ಮಾಡುವಂತಿಲ್ಲ. ಸಿಕ್ಕಿಬಿದ್ದರೆ ಇಲಾಖಾ ವಿಚಾರಣೆ ಎದುರಿಸಬೇಕಾಗುತ್ತದೆ. ನಿವೃತ್ತ ಪೊಲೀಸರಿಗೆ ಈ ತೊಡಕಿಲ್ಲ. ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಕಾಯ್ದೆ, 2005 ಅವರಿಗೆ ಆದ್ಯತೆ ನೀಡಲು ಅವಕಾಶ ಕೊಟ್ಟಿದೆ. ವಯಸ್ಸು 65 ಮೀರಿರಬಾರದು, ಏಜೆನ್ಸಿಗೆ ಪರವಾನಗಿ ಇರಬೇಕು. ಹಳೆಯ ಖಾಕಿಯನ್ನಾಗಲಿ, ಅದನ್ನು ಹೋಲುವ ಸಮವಸ್ತ್ರವನ್ನಾಗಲಿ ಗಾರ್ಡ್ ತೊಟ್ಟರೆ ಒಂದು ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಏಜೆನ್ಸಿಯ ಮಾಲೀಕರೂ ಹೊಣೆ.

ಗ್ರಾಮಸ್ಥರು ಗಮನಿಸಬೇಕಾದ್ದು

* ಜಾತ್ರೆ, ಮದುವೆಗೆ ಬಂದೋಬಸ್ತ್ ಬೇಕಿದ್ದರೆ ಕಾರ್ಯಕ್ರಮ ನಡೆಯುವ ಊರಿನ ಠಾಣೆಗೇ ಅರ್ಜಿ ಕೊಡಬೇಕು. ಶುಲ್ಕ ಇದ್ದರೆ ಸರ್ಕಾರಕ್ಕೆ ಕಟ್ಟಿ ರಸೀದಿ ಪಡೆಯಬೇಕು. ಪೇದೆಯ ಕೈಗೆ ಕೊಡಬಾರದು.
* ಬಂಧಿಸಲು ಬಂದ ಪೊಲೀಸರ ಎದೆಯ ಮೇಲೆ ಹೆಸರು ಸ್ಪಷ್ಟವಾಗಿ ಕಾಣಬೇಕು (36ನೇ ಕಲಂ). ಯಾವ ಠಾಣೆಯವರೆಂದು ಕೇಳಬಹುದು.
* ಗಡಿಯಾಚೆ ಹಲ್ಲೆ, ಅಕ್ರಮ ಬಂಧನದಂತಹ ಅಪರಾಧ ನಡೆದಿದ್ದರೂ ದೂರನ್ನು ಯಾವುದೇ ಠಾಣೆಯಲ್ಲಿ ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಸಂಹಿತೆಯ 173ನೇ ಕಲಂ ಪ್ರಕಾರ, ಸಂಜ್ಞೇಯ ಅಪರಾಧದ ದೂರನ್ನು 'ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂದು ವಾಪಸ್ ಕಳಿಸುವಂತಿಲ್ಲ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು.